ಬೆಕ್ಕು ಮರಳಿನ ಟಬ್ ಬಿಟ್ಟು ಹಾಸಿಗೆ ಮೇಲೆ ಉಚ್ಚೆ ಹೊಯ್ಯುತ್ತಿದ್ದರೆ

ಮೊದಲೇ ಹೇಳಿಬಿಡುತ್ತೇನೆ, ಬೆಕ್ಕು ಸೇಡಿಗೆ ಹೀಗೆ ಮಾಡುವುದಿಲ್ಲ. ಹೊಡೆಯಬೇಡಿ, ಮೂಗನ್ನು ಉಚ್ಚೆಗೆ ತಿಕ್ಕಬೇಡಿ. ಹೆದರಿದ ಬೆಕ್ಕು ಮಂಚದ ಕೆಳಗೋ ಕಪಾಟಿನ ಹಿಂದೋ ನಿಮ್ಮ ಕಣ್ಣಿಗೆ ಬೀಳದ ಜಾಗ ಹುಡುಕಿಕೊಳ್ಳುತ್ತದೆ, ಅಷ್ಟೇ.

ಟಬ್ಬಿನ ತಂಟೆಗೆ ಹೋಗುವ ಮುಂಚೆ ಬೆಕ್ಕಿನ ಆರೋಗ್ಯ ನೋಡಿ. ಉಚ್ಚೆ ಹೊಯ್ಯುವಾಗ ನೋವಾದರೆ ಅದು ಟಬ್ಬನ್ನೇ ದೂರ ಇಡುತ್ತದೆ. ಅದರಲ್ಲೂ ಗಂಡು ಬೆಕ್ಕು ಪದೇ ಪದೇ ಹೋಗಿ ತಿಣುಕುತ್ತಾ ಕೂತು, ಕೂಗಿ, ಬರೀ ಹನಿ ಹನಿ ಬರುತ್ತಿದ್ದರೆ ಅಥವಾ ಏನೂ ಬರದಿದ್ದರೆ ಮೂತ್ರದ ದಾರಿ ಕಟ್ಟಿಕೊಂಡಿರಬಹುದು, ಒಂದೆರಡು ದಿನದಲ್ಲೇ ಜೀವ ಹೋಗಬಹುದು. ನಾಳೆ ನೋಡೋಣ ಅನ್ನಬೇಡಿ. ನಮ್ಮ ಕಡೆ ತಾಲ್ಲೂಕಿನ ಪಶು ಆಸ್ಪತ್ರೆಗಳಲ್ಲಿ ದನ, ಎಮ್ಮೆ, ಕುರಿ ನೋಡುವುದೇ ಜಾಸ್ತಿ, ಹಾಗಾಗಿ ಫೋನ್ ಮಾಡಿ ಬೆಕ್ಕಿಗೆ ಮೂತ್ರ ಹೊರತೆಗೆಯುವ ನಳಿಗೆ ಹಾಕುತ್ತಾರಾ ಅಂತ ಕೇಳಿ, ಇಲ್ಲ ಅಂದರೆ ನೇರ ಬಳ್ಳಾರಿಗೋ ರಾಯಚೂರಿಗೋ ಹೊರಡಿ. ಮನೆಯಲ್ಲಿರುವ ಪ್ಯಾರಾಸಿಟಮಾಲ್ ಮಾತ್ರ ಕೊಡಬೇಡಿ, ಬೆಕ್ಕಿಗೆ ಅದು ವಿಷ.

ಬಾಲ ಎತ್ತಿ ನಿಂತು ಗೋಡೆಗೆ ಚಿಮ್ಮಿಸುತ್ತಿದ್ದರೆ ಅದು ಬೇರೆ ವಿಷಯ, ಜಾಗ ಗುರುತು ಮಾಡುವುದು. ಮರಿ ಆಗದಂತೆ ಆಪರೇಷನ್ ಮಾಡಿಸಿದರೆ ಬಹಳಷ್ಟು ಬೆಕ್ಕುಗಳಲ್ಲಿ ಕಡಿಮೆಯಾಗುತ್ತದೆ.

ಆರೋಗ್ಯ ಸರಿ ಇದೆಯಾ? ಹಾಗಾದರೆ ಟಬ್ ಎಲ್ಲಿದೆ ನೋಡಿ. ನಮ್ಮಲ್ಲಿ ವಾಸನೆ ಬೇಡ ಅಂತ ಮಾಳಿಗೆ ಮೇಲೆ ಅಥವಾ ತಗಡಿನ ಕೆಳಗೆ ಇಟ್ಟುಬಿಡುತ್ತಾರೆ. ಏಪ್ರಿಲ್, ಮೇ ತಿಂಗಳ ಬಿಸಿಲು 40 ಡಿಗ್ರಿ ದಾಟಿದಾಗ ಆ ಮರಳಿನ ಮೇಲೆ ನಿಮ್ಮ ಬರಿಗಾಲು ಇಟ್ಟು ನೋಡಿ, ಸುಡುತ್ತದೆ ಅಲ್ವಾ? ಒಳಗೆ ತನ್ನಿ. ಊಟದ ಬಟ್ಟಲಿನ ಪಕ್ಕ ಬೇಡ, ಗಡಗಡ ಅನ್ನುವ ವಾಷಿಂಗ್ ಮೆಷಿನ್ ಪಕ್ಕವೂ ಬೇಡ. ಓಡಾಟ ಕಡಿಮೆ ಇರುವ ಮೂಲೆ ಸಾಕು, ಆದರೆ ನಾಯಿಯೋ ಇನ್ನೊಂದು ಬೆಕ್ಕೋ ದಾರಿ ಅಡ್ಡಗಟ್ಟುವಂಥ ಮೂಲೆ ಆಗಬಾರದು. ಎರಡು ಬೆಕ್ಕಿದ್ದರೆ ಮೂರು ಟಬ್ ಇಡಿ, ಬೇರೆ ಬೇರೆ ಕಡೆ.

ಟಬ್ ಬೆಕ್ಕಿನ ಉದ್ದದ ಒಂದೂವರೆ ಪಟ್ಟು ಇರಬೇಕು. ಅಂಗಡಿಯ ಚಿಕ್ಕ ಟ್ರೇಗಿಂತ ಅಗಲವಾದ ಪ್ಲಾಸ್ಟಿಕ್ ಟಬ್ಬೇ ಎಷ್ಟೋ ಮೇಲು, ಮುದಿ ಬೆಕ್ಕಿಗೆ ಒಂದು ಕಡೆ ಅಂಚು ಕತ್ತರಿಸಿ ಕೊಡಿ. ಒಳಗೆ ಎರಡು ಇಂಚಿನಷ್ಟು ಸಣ್ಣ ಮರಳು ಅಥವಾ ಸುವಾಸನೆ ಬೆರೆಸದ ಲಿಟರ್ (ಬೆಕ್ಕಿನ ಟಬ್ಬಿಗೆ ಅಂತಲೇ ಅಂಗಡಿಯಲ್ಲಿ ಸಿಗುವ ಹರಳು). ಜಲ್ಲಿ ಇರದಂತೆ ಜರಡಿ ಹಿಡಿಯಿರಿ. ಹೊಲದ ಎರೆ ಮಣ್ಣು ತರಬೇಡಿ, ಒದ್ದೆಯಾದರೆ ಪಾದಕ್ಕೆ ಮೆತ್ತಿಕೊಳ್ಳುತ್ತದೆ. ಭತ್ತದ ಹೊಟ್ಟಿನ ಬೂದಿಯೂ ಬೇಡ, ಧೂಳು ಜಾಸ್ತಿ. ಹೊಸದು ಹಾಕುವಾಗ ಹಳೆಯದರ ಜೊತೆ ಸ್ವಲ್ಪ ಸ್ವಲ್ಪ ಬೆರೆಸಿ. ದಿನಕ್ಕೆ ಎರಡು ಸಲ ಉಚ್ಚೆಯ ಗಡ್ಡೆ, ಕಕ್ಕ ಎತ್ತಿ ಬಿಸಾಡಿ. ಬೆಕ್ಕು ಹೊರಗೆ ಮಾಡುವುದಕ್ಕೆ ಗಲೀಜು ಟಬ್ಬೇ ದೊಡ್ಡ ಕಾರಣಗಳಲ್ಲಿ ಒಂದು ಅಂತ ನನ್ನ ಅನಿಸಿಕೆ.

ತೊಳೆಯಲು ಫಿನಾಯಿಲ್, ಡೆಟಾಲ್ ಬಳಸಬೇಡಿ. ಬೆಕ್ಕಿನ ಲಿವರ್ ಅಂಥವನ್ನು ಅರಗಿಸಿ ಹೊರಹಾಕಲಾರದು, ಪಾದ ನೆಕ್ಕಿದರೂ ಹೊಟ್ಟೆಗೆ ಹೋಗುತ್ತದೆ. ಟಬ್ಬಿಗೆ ಸಾದಾ ಸೋಪು, ನೀರು ಸಾಕು. ಹಾಸಿಗೆ, ನೆಲಕ್ಕೆ ಎಂಜೈಮ್ ಇರುವ ಕ್ಲೀನರ್ ಹಾಕಿ, ಇಲ್ಲದಿದ್ದರೆ ನಮಗೆ ಬಾರದ ವಾಸನೆ ಅದಕ್ಕೆ ಬರುತ್ತದೆ, ಮತ್ತೆ ಅಲ್ಲೇ ಹೋಗುತ್ತದೆ.

ಕೆಲವು ಬೆಕ್ಕಿಗೆ ಮೆತ್ತಗಿನ ಬಟ್ಟೆಯೇ ಬೇಕು. ಬಳ್ಳಾರಿಯಲ್ಲಿ ಮನೆಯಲ್ಲೇ ಜೀನ್ಸ್ ಹೊಲಿಯುವವರಿಗೆ ಇದು ದೊಡ್ಡ ತಲೆನೋವು, ಒಂದು ಬಂಡಲ್ ಹೋದರೆ ಕೂಲಿಯೇ ಹೋಯಿತು. ಬಟ್ಟೆ ಎತ್ತರಕ್ಕೆ ಇಡಿ, ಅದು ಹೊಯ್ಯುತ್ತಿದ್ದ ಜಾಗದಲ್ಲೇ ಟಬ್ ಇಡಿ. ಕೆಲವು ವಾರ ಸರಿಯಾಗಿ ಬಳಸಿದ ಮೇಲೆ ದಿನಕ್ಕೆ ಒಂದೆರಡು ಇಂಚಿನಷ್ಟು ನಿಮಗೆ ಬೇಕಾದ ಮೂಲೆಯ ಕಡೆ ಸರಿಸುತ್ತಾ ಹೋಗಿ. ಮಧ್ಯೆ ಎಲ್ಲಾದರೂ ತಪ್ಪಿಸಿತು ಅಂದರೆ ಹಿಂದಿನ ಜಾಗಕ್ಕೆ ತಂದು ಮತ್ತೆ ಸ್ವಲ್ಪ ದಿನ ಬಿಡಿ.