ವಿದೇಶದಲ್ಲೊಂದು ಸೆಮಿಸ್ಟರ್: ಪಾಠಪಟ್ಟಿ ಮೊದಲು, ದೇಶ ಆಮೇಲೆ

ವಿದೇಶದಲ್ಲಿ ಓದಬೇಕೆಂದರೆ ಪದವಿ ಮುಗಿಯಬೇಕು, ಸಾಲ ಸಿಗಬೇಕು, ಎರಡು ವರ್ಷಕ್ಕೆ ಗಂಟುಮೂಟೆ ಕಟ್ಟಬೇಕು ಎಂದೇ ಬಹಳ ವಿದ್ಯಾರ್ಥಿಗಳು ಅಂದುಕೊಂಡಿರುತ್ತಾರೆ. ಓದುತ್ತಿರುವ ಪದವಿಯ ನಡುವೆಯೇ ಒಂದು ಸೆಮಿಸ್ಟರ್ ಹೊರಗೆ ಓದಿ ಬರಬಹುದು, ಅದೂ ತವರು ವಿಶ್ವವಿದ್ಯಾಲಯಕ್ಕೆ ಕಟ್ಟುವ ಶುಲ್ಕದಲ್ಲೇ, ಎಂಬುದು ಗೊತ್ತಾಗುವ ಹೊತ್ತಿಗೆ ಅರ್ಜಿಯ ಕೊನೆಯ ದಿನ ದಾಟಿರುತ್ತದೆ. ಯುರೋಪಿನ ವಿದ್ಯಾರ್ಥಿ ವಿನಿಮಯ ಯೋಜನೆಯಾದ ಎರಾಸ್ಮಸ್ 1987ರಲ್ಲಿ 11 ದೇಶಗಳ ಮೂರು ಸಾವಿರ ಚಿಲ್ಲರೆ ವಿದ್ಯಾರ್ಥಿಗಳೊಂದಿಗೆ ಶುರುವಾಯಿತು. ಈಗ ಅದರಡಿ ಯುರೋಪಿನ ಹೊರಗಿನ ವಿಶ್ವವಿದ್ಯಾಲಯಗಳ ಜೊತೆಗೂ ವಿನಿಮಯ ನಡೆಯುತ್ತದೆ. ಬಾಗಿಲುಗಳು ಹೆಚ್ಚಿವೆ. ಆದರೆ ಒಳಗೆ ಹೋಗಿ ಬಂದವರಲ್ಲಿ ಕೆಲವರು ಒಂದು ವರ್ಷ ಹಿಂದೆ ಬೀಳುವುದನ್ನೂ ಕಣ್ಣಾರೆ ನೋಡಿದ್ದೇನೆ. ಅಲ್ಲಿ ಚೆನ್ನಾಗಿಯೇ ಓದಿ, ಪಾಸಾಗಿ ಬಂದವರವರು. ಅವರು ಪಾಸಾದ ಪಾಠಗಳು ತವರಿನಲ್ಲಿ ಲೆಕ್ಕಕ್ಕೆ ಬರಲಿಲ್ಲ, ಅಷ್ಟೆ. ಈ ಲೇಖನದ ಹೆಚ್ಚಿನ ಭಾಗ ಆ ಒಂದು ವಿಷಯಕ್ಕೇ ಮೀಸಲು.

ಹೆಜ್ಜೆ 1: ಒಪ್ಪಂದಗಳ ಪಟ್ಟಿ ಕೇಳಿ

ನಿಮ್ಮ ವಿಶ್ವವಿದ್ಯಾಲಯದ ಅಂತರರಾಷ್ಟ್ರೀಯ ವಿಭಾಗಕ್ಕೆ ಹೋಗಿ ವಿದ್ಯಾರ್ಥಿ ವಿನಿಮಯ ಒಪ್ಪಂದಗಳ ಪಟ್ಟಿ ಕೇಳಿ. ಎಂಒಯುಗಳ (ತಿಳಿವಳಿಕೆ ಒಪ್ಪಂದಗಳ) ಪಟ್ಟಿ ಕೊಟ್ಟರೆ ತೃಪ್ತರಾಗಬೇಡಿ. ಎಂಒಯು ಎಂಬುದು ಬಹುತೇಕ ಸದಾಶಯದ ಕಾಗದ. ಅದಕ್ಕೆ ಸಹಿ ಬೀಳುವಾಗ ಫೋಟೊ ತೆಗೆಯುತ್ತಾರೆ, ಅಲ್ಲಿಗೆ ಎಷ್ಟೋ ಸಲ ಕಥೆ ಮುಗಿಯುತ್ತದೆ. ವರ್ಷಕ್ಕೆ ಎಷ್ಟು ಸೀಟು, ಯಾವ ವಿಭಾಗಕ್ಕೆ, ಬೋಧನಾ ಶುಲ್ಕ ಮನ್ನಾ ಇದೆಯೇ ಎಂಬುದೆಲ್ಲ ಇರುವುದು ಪ್ರತ್ಯೇಕವಾದ ವಿನಿಮಯ ಒಪ್ಪಂದದಲ್ಲಿ. ಅದರ ಅವಧಿ ಮುಗಿದಿಲ್ಲವೇ ಎಂದೂ ವಿಚಾರಿಸಿ.

ಶುಲ್ಕ ಮನ್ನಾ ಯಾರ ಔದಾರ್ಯವೂ ಅಲ್ಲ. ಅಲ್ಲಿಂದ ಒಬ್ಬರು ಬಂದರೆ ಇಲ್ಲಿಂದ ಒಬ್ಬರು ಹೋಗುವ ಕೊಡು–ಕೊಳ್ಳುವ ಲೆಕ್ಕ ಅದು. ಹಾಗಾಗಿ ಆ ಕಡೆಯಿಂದ ಬಂದು ಹೋದವರು ಹೆಚ್ಚಿದ್ದು ಈ ಕಡೆಯಿಂದ ಯಾರೂ ಹೋಗದ ಒಪ್ಪಂದ ಯಾವುದೆಂದು ಕೇಳಿ. ಎಲ್ಲರೂ ಮುಗಿಬೀಳುವ ಹೆಸರುವಾಸಿ ನಗರಕ್ಕಿಂತ ಅಲ್ಲಿ ನಿಮಗೆ ಸೀಟು ಸಿಗುವ ಸಾಧ್ಯತೆ ಹೆಚ್ಚು.

ಒಪ್ಪಂದವೇ ಇಲ್ಲದಿದ್ದರೆ? ಸ್ವಂತ ಖರ್ಚಿನಲ್ಲಿ ವಿಸಿಟಿಂಗ್ ವಿದ್ಯಾರ್ಥಿಯಾಗಿ ಹೋಗಬಹುದು, ಆದರೆ ಆತಿಥೇಯ ವಿಶ್ವವಿದ್ಯಾಲಯದ ಪೂರ್ತಿ ಶುಲ್ಕ ಕಟ್ಟಬೇಕಾದೀತು. ಸಂಶೋಧನೆಯ ಒಲವಿರುವವರಿಗೆ ಕೆನಡಾದ ಮೈಟ್ಯಾಕ್ಸ್ ಗ್ಲೋಬಲಿಂಕ್ ಇದೆ, 12 ವಾರಗಳ ಇಂಟರ್ನ್‌ಶಿಪ್. ಜರ್ಮನಿಯ ವಿದ್ಯಾರ್ಥಿವೇತನಗಳಿಗೆ, 1925ರಿಂದಲೂ ಇರುವ ಡಿಎಎಡಿ (ಜರ್ಮನ್ ಶೈಕ್ಷಣಿಕ ವಿನಿಮಯ ಸೇವೆ) ಸಂಸ್ಥೆಯ ಜಾಲತಾಣ ನೋಡಿ. ದೀರ್ಘಕಾಲ ಮನೆ ಬಿಡಲಾಗದವರಿಗೆ ಎರಾಸ್ಮಸ್‌ನ ಮಿಶ್ರ ಕಾರ್ಯಕ್ರಮಗಳಿವೆ; 5ರಿಂದ 30 ದಿನ ಅಲ್ಲಿದ್ದರೆ ಸಾಕು, ಉಳಿದದ್ದು ಆನ್‌ಲೈನ್. ಆದರೆ ನಾಲ್ಕು ಕ್ಯಾಂಪಸ್‌ಗಳ ಗೇಟಿನ ಮುಂದೆ ನಿಲ್ಲಿಸಿ ಪ್ರಮಾಣಪತ್ರ ಕೈಗಿಡುವ ‘ಗ್ಲೋಬಲ್ ಲೀಡರ್‌ಶಿಪ್’ ಹೆಸರಿನ ಪ್ರವಾಸಗಳಿಂದ ದೂರವಿರಿ. ಕೊನೆಯಲ್ಲಿ ವಿಶ್ವವಿದ್ಯಾಲಯವೇ ಟ್ರಾನ್ಸ್‌ಕ್ರಿಪ್ಟ್ (ಓದಿದ ಪಾಠ, ಕ್ರೆಡಿಟ್, ಗ್ರೇಡ್‌ಗಳ ಅಧಿಕೃತ ಪಟ್ಟಿ) ಕೊಡುತ್ತದೆಯೇ ಎಂದು ಕೇಳಿ. ಇಲ್ಲ ಎಂದರೆ ಅದು ಓದಲ್ಲ, ಪ್ರವಾಸ.

ಹೆಜ್ಜೆ 2: ಕ್ಯಾಲೆಂಡರ್ ಹಾಸಿ ನೋಡಿ

ಜರ್ಮನಿಯ ಚಳಿಗಾಲದ ಸೆಮಿಸ್ಟರ್ ಅಕ್ಟೋಬರ್‌ನಲ್ಲಿ, ಬೇಸಿಗೆಯದು ಏಪ್ರಿಲ್‌ನಲ್ಲಿ ಶುರು. ಜಪಾನಿನ ಶೈಕ್ಷಣಿಕ ವರ್ಷ ತೆರೆಯುವುದು ಏಪ್ರಿಲ್‌ನಲ್ಲಿ. ಆಸ್ಟ್ರೇಲಿಯಾದಲ್ಲಿ ಮೊದಲ ಸೆಮಿಸ್ಟರ್ ಫೆಬ್ರುವರಿ–ಮಾರ್ಚ್, ಎರಡನೆಯದು ಜುಲೈ. ತರಗತಿ ಯಾವಾಗ ಮುಗಿಯುತ್ತದೆ ಎಂದು ನೋಡಿದರೆ ಸಾಲದು, ಪರೀಕ್ಷೆ ಯಾವಾಗ ಮುಗಿಯುತ್ತದೆ ಎಂದು ನೋಡಿ. ಜರ್ಮನಿಯಲ್ಲಿ ತರಗತಿ ನಿಂತ ಮೇಲೆ ವಾರಗಟ್ಟಲೆ ಪರೀಕ್ಷೆ ನಡೆಯುವುದುಂಟು. ಹೊರಡುವ ದಿನಕ್ಕಿಂತ ಒಂದು ವರ್ಷ ಮೊದಲೇ ಕೆಲಸ ಶುರುವಾಗಬೇಕು. ಏಕೆಂದರೆ ಮೊದಲು ತವರು ವಿಶ್ವವಿದ್ಯಾಲಯ ನಿಮ್ಮ ಹೆಸರು ಸೂಚಿಸಬೇಕು, ಆಮೇಲಷ್ಟೇ ಅಲ್ಲಿಗೆ ನಿಮ್ಮ ಅರ್ಜಿ. ಆತಿಥೇಯರ ಜಾಲತಾಣದಲ್ಲಿ ಕಾಣುವ ಕೊನೆಯ ದಿನಾಂಕವನ್ನು ನಂಬಿ ಕೂತವರಿಗೆ ತವರಿನ ದಿನಾಂಕ ಎಂದೋ ಕೈತಪ್ಪಿರುತ್ತದೆ.

ಹೆಜ್ಜೆ 3: ಪಾಠಕ್ಕೆ ಪಾಠ ಹೊಂದಿಸುವುದು

ಎಡವುವುದು ಇಲ್ಲೇ. ಸಾಮಾನ್ಯವಾಗಿ ನಡೆಯುವುದು ಹೀಗೆ: ದೇಶ ಆರಿಸುತ್ತಾರೆ, ನಗರ ಆರಿಸುತ್ತಾರೆ, ವಿಮಾನದ ಟಿಕೆಟ್ ಕೂಡ ನೋಡುತ್ತಾರೆ, ಯಾವ ಪಾಠ ಓದುತ್ತೀರಿ ಎಂದರೆ “ಅಲ್ಲಿ ಹೋಗಿ ನೋಡ್ತೀನಿ ಸರ್” ಎನ್ನುತ್ತಾರೆ. ಇದನ್ನು ತಲೆಕೆಳಗು ಮಾಡಿ.

ಮೊದಲು ನಿಮ್ಮದೇ ಪಠ್ಯಕ್ರಮ ತೆಗೆದು, ಯಾವ ಸೆಮಿಸ್ಟರ್‌ನಲ್ಲಿ ಐಚ್ಛಿಕ ಪಾಠಗಳು ಹೆಚ್ಚಿವೆ ನೋಡಿ. ಹೋಗಬೇಕಾದದ್ದು ಆಗ. ಕಡ್ಡಾಯ ಪಾಠ ಮತ್ತು ಪ್ರಯೋಗಾಲಯ ತುಂಬಿದ ಸೆಮಿಸ್ಟರ್‌ಗೆ ಹೊರಗೆ ಜೋಡಿ ಹುಡುಕುವುದು ವ್ಯರ್ಥ ಶ್ರಮ. ಕೊನೆಯ ಸೆಮಿಸ್ಟರ್‌ನಲ್ಲಂತೂ ಹೋಗಲೇಬೇಡಿ. ಅಲ್ಲಿಂದ ಟ್ರಾನ್ಸ್‌ಕ್ರಿಪ್ಟ್ ಬರುವುದು ತಡವಾದರೆ ನಿಮ್ಮ ಪದವಿಯೂ ತಡ.

ಇನ್ನು ಕ್ರೆಡಿಟ್, ಅಂದರೆ ಪಾಠದ ಭಾರ ಅಳೆಯುವ ಅಂಕಿ. ಅಂಕಿಯನ್ನು ಅಂಕಿಯ ಜೊತೆ ಹೋಲಿಸಬೇಡಿ. ಯುರೋಪಿನ ಇಸಿಟಿಎಸ್ ಎಂಬ ಕ್ರೆಡಿಟ್ ಪದ್ಧತಿಯಲ್ಲಿ ವರ್ಷಕ್ಕೆ 60 ಕ್ರೆಡಿಟ್. ಒಂದು ಕ್ರೆಡಿಟ್ ಎಂದರೆ ಸ್ವಂತ ಓದೂ ಸೇರಿ 25ರಿಂದ 30 ಗಂಟೆಯ ಕೆಲಸ. ಅಮೆರಿಕದಲ್ಲಿ ಅದೇ ಒಂದು ವರ್ಷಕ್ಕೆ ಸಾಮಾನ್ಯವಾಗಿ 30, ಬ್ರಿಟನ್ನಿನಲ್ಲಿ 120. ಆದ್ದರಿಂದ ಒಂದು ಪಾಠ ಇಡೀ ಸೆಮಿಸ್ಟರ್‌ನ ಎಷ್ಟನೇ ಪಾಲು ಎಂದು ಲೆಕ್ಕ ಹಾಕಿ. ನಿಮ್ಮಲ್ಲಿ ಸೆಮಿಸ್ಟರ್‌ಗೆ 20 ಕ್ರೆಡಿಟ್ ಎಂದಿಟ್ಟುಕೊಳ್ಳಿ. ಯುರೋಪಿನಲ್ಲಿ ಸೆಮಿಸ್ಟರ್‌ನ 30ರಲ್ಲಿ 6 ಕ್ರೆಡಿಟ್‌ನ ಪಾಠ ಐದನೇ ಒಂದು ಪಾಲು. ಇಲ್ಲಿ ಅದು 4ಕ್ಕೆ ಸಮ. ಇದು ಗೊತ್ತಿಲ್ಲದೆ ‘20 ಸಾಕಲ್ಲ’ ಎಂದು ಅಲ್ಲಿ 20 ಇಸಿಟಿಎಸ್ ಓದಿ ಬಂದವರಿಗೆ ಸೆಮಿಸ್ಟರ್‌ನ ಮೂರನೇ ಒಂದು ಪಾಲು ಕೊರತೆ ಬೀಳುತ್ತದೆ.

ಆಮೇಲೆ ವಿಷಯ. ಪಾಠದ ಹೆಸರನ್ನು ನಂಬಲೇಬೇಡಿ. ‘ಸಂಖ್ಯಾಶಾಸ್ತ್ರ’ ಎಂಬ ಒಂದೇ ಹೆಸರಿನಡಿ ಒಂದು ಕಡೆ ಸಂಭವನೀಯತೆಯ ಗಣಿತ, ಇನ್ನೊಂದು ಕಡೆ ಸಾಫ್ಟ್‌ವೇರ್ ಬಳಸಿ ಸಮೀಕ್ಷೆಯ ವಿಶ್ಲೇಷಣೆ ಇರಬಹುದು. ಒಂದು ಹಾಳೆಯಲ್ಲಿ ಎರಡು ಅಂಕಣ ಎಳೆಯಿರಿ. ಎಡಕ್ಕೆ ನಿಮ್ಮ ಸಿಲಬಸ್, ಬಲಕ್ಕೆ ಅಲ್ಲಿಯದು: ವಾರವಾರದ ವಿಷಯ, ಗಂಟೆಗಳು, ಮೌಲ್ಯಮಾಪನದ ವಿಧಾನ, ಪಾಠ ಪದವಿಯದೋ ಸ್ನಾತಕೋತ್ತರದ್ದೋ. ಕೆಳಗೆ ಇನ್ನೊಂದು ಸಾಲು ಬಿಟ್ಟುಕೊಳ್ಳಿ: ಈ ಪಾಠವನ್ನು ಆಧರಿಸಿ ಮುಂದಿನ ಸೆಮಿಸ್ಟರ್‌ನಲ್ಲಿ ಇಲ್ಲಿ ಏನು ಕಲಿಸುತ್ತಾರೆ? ಆ ಕೊಂಡಿ ತಪ್ಪಿದರೆ ಕ್ರೆಡಿಟ್ ಸಿಕ್ಕರೂ ಮುಂದಿನ ಪಾಠ ತಲೆಗೆ ಹತ್ತುವುದಿಲ್ಲ.

ಬಲ ಅಂಕಣದ ಪ್ರತಿ ಪಾಠಕ್ಕೂ ಈ ತಪಾಸಣೆ ಬೇಕು: ನೀವು ಹೋಗುವ ಸೆಮಿಸ್ಟರ್‌ನಲ್ಲೇ ಅದು ನಡೆಯುತ್ತದೆಯೇ? ಯಾವ ಭಾಷೆಯಲ್ಲಿ? ವಿನಿಮಯ ವಿದ್ಯಾರ್ಥಿಗಳಿಗೆ ಪ್ರವೇಶ ಇದೆಯೇ? ಮೊದಲೇ ಓದಿರಬೇಕಾದ ಪಾಠ ಯಾವುದು? ಎಷ್ಟೋ ಪಾಠಗಳು ವರ್ಷಕ್ಕೆ ಒಂದೇ ಸಲ ನಡೆಯುತ್ತವೆ. ಹೊಸ ವರ್ಷದ ಪಟ್ಟಿ ಪ್ರಕಟವಾಗುವುದು ತಡವಾದ್ದರಿಂದ ನೀವು ನೋಡುವುದು ಹೆಚ್ಚಾಗಿ ಹಳೆಯ ಪಟ್ಟಿಯನ್ನೇ. ಅದಕ್ಕೇ ಪ್ರತಿ ಪಾಠಕ್ಕೂ ಒಂದು ಬದಲಿ ಇಟ್ಟುಕೊಳ್ಳಿ, ಒಟ್ಟಾರೆ ಒಂದು ಪಾಠ ಹೆಚ್ಚಿಗೆ ಆರಿಸಿ. ಎರಡನೇ ವಾರದಲ್ಲಿ ಯಾವುದೋ ಒಂದನ್ನು ಕೈಬಿಡಬೇಕಾಗಿ ಬರುವುದು ಸಾಮಾನ್ಯ.

ಈ ಹಾಳೆ ಹಿಡಿದು ವಿಭಾಗದ ಮುಖ್ಯಸ್ಥರ ಬಳಿ ಹೋಗಿ. “ನಮ್ಮ ಸಿಲಬಸ್ಸಿಗೂ ಇದಕ್ಕೂ ಹೊಂದುವುದಿಲ್ಲ” ಎಂದು ಅವರು ಹೇಳಬಹುದು. ವಾದಕ್ಕಿಳಿಯಬೇಡಿ, ಏನು ಹೊಂದುವುದಿಲ್ಲ ಎಂದು ಕೇಳಿ. 1997ರ ಲಿಸ್ಬನ್ ಒಡಂಬಡಿಕೆಗೆ ಸಹಿ ಹಾಕಿದ ದೇಶಗಳಲ್ಲಿ ನಿಯಮವೇ ಹಾಗಿದೆ: ಗಣನೀಯ ವ್ಯತ್ಯಾಸವಿದೆ ಎಂದು ತೋರಿಸಲಾಗದಿದ್ದರೆ ಹೊರಗೆ ಓದಿದ್ದನ್ನು ಮಾನ್ಯ ಮಾಡಬೇಕು. ನಿಮ್ಮ ದೇಶ ಅದರಲ್ಲಿ ಇಲ್ಲದಿದ್ದರೂ ಇದು ಒಳ್ಳೆಯ ಅಳತೆಗೋಲು. ಒಂದಕ್ಕೊಂದು ಹೊಂದದಿದ್ದರೆ ಗುಂಪಿಗೆ ಗುಂಪು ಹೊಂದಿಸಲು ಕೇಳಿ: ಇಲ್ಲಿಯ ಎರಡು ಪಾಠಗಳ ಬದಲು ಅಲ್ಲಿಯ ಮೂರು. ಎರಾಸ್ಮಸ್ ಪದ್ಧತಿಯಲ್ಲೂ ಪಾಠಕ್ಕೆ ಪಾಠ ಜೋಡಿಯಾಗಲೇಬೇಕೆಂದಿಲ್ಲ.

(ವಿಭಾಗದವರು ಇದನ್ನು ಓದುತ್ತಿದ್ದರೆ ಒಂದು ಮಾತು. ಹಿಂದೆ ಒಪ್ಪಿಗೆ ಕೊಟ್ಟ ಸಮಾನ ಪಾಠಗಳ ಪಟ್ಟಿಯನ್ನು ನೋಟಿಸ್ ಬೋರ್ಡಿಗೆ ಹಾಕಿ. ಹತ್ತು ಹೊಸ ಎಂಒಯು ಮಾಡುವುದಕ್ಕಿಂತ ಹೆಚ್ಚು ವಿದ್ಯಾರ್ಥಿಗಳು ಅದೊಂದರಿಂದ ಹೊರಡುತ್ತಾರೆ. ಪ್ರತಿ ವರ್ಷವೂ ಪ್ರತಿ ವಿದ್ಯಾರ್ಥಿಯೂ ಅದೇ ಹಾಳೆಯನ್ನು ಮೊದಲಿನಿಂದ ಬರೆಯುವುದು ಯಾವ ನ್ಯಾಯ?)

ಒಪ್ಪಿದ್ದೆಲ್ಲ ಬರಹದಲ್ಲಿ ಬೇಕು. “ಹೋಗಿ ಬಾ, ಆಮೇಲೆ ನೋಡೋಣ” ಎಂಬುದು ಹಾರೈಕೆಯೇ ಹೊರತು ಅನುಮತಿಯಲ್ಲ. ನೀವು ಮರಳುವಷ್ಟರಲ್ಲಿ ಆ ಕುರ್ಚಿಯಲ್ಲಿ ಬೇರೊಬ್ಬರು ಕೂತಿರಬಹುದು. ಲರ್ನಿಂಗ್ ಅಗ್ರಿಮೆಂಟ್ ಎನ್ನುವ ಕಾಗದಕ್ಕೆ ವಿದ್ಯಾರ್ಥಿ, ತವರು ವಿಶ್ವವಿದ್ಯಾಲಯ, ಆತಿಥೇಯ ವಿಶ್ವವಿದ್ಯಾಲಯ, ಮೂವರ ಸಹಿಯೂ ಹೊರಡುವ ಮೊದಲೇ ಬೀಳಬೇಕು. ನಾನಾದರೆ ಪರೀಕ್ಷಾ ವಿಭಾಗದಿಂದಲೂ ಒಂದು ಪತ್ರ ಕೇಳುತ್ತೇನೆ. ಅಂಕಪಟ್ಟಿ ಮುದ್ರಿಸುವವರು ಅವರು ತಾನೆ?

ಆ ಪತ್ರದಲ್ಲಿ ಗ್ರೇಡ್ ಪರಿವರ್ತನೆಯ ವಿಷಯವೂ ಇರಲಿ. ಜರ್ಮನಿಯಲ್ಲಿ 1 ಅತ್ಯುತ್ತಮ, 4 ಪಾಸಿನ ಅಂಚು. 10ರ ಮಾಪನಕ್ಕೆ ಒಗ್ಗಿದವರ ಕಣ್ಣಿಗೆ 2 ನಪಾಸಿನಂತೆ ಕಂಡೀತು. ಹೊರಗಿನ ಅಂಕವನ್ನು ಜರ್ಮನ್ ಗ್ರೇಡಿಗೆ ಬದಲಿಸಲು ಅಲ್ಲಿ ಬಳಕೆಯಲ್ಲಿರುವ ಬವೇರಿಯನ್ ಸೂತ್ರ ಸರಳ: ಗರಿಷ್ಠ ಅಂಕದಿಂದ ಪಡೆದ ಅಂಕ ಕಳೆಯಿರಿ, ಅದನ್ನು ಗರಿಷ್ಠ ಮತ್ತು ಪಾಸಿನ ಅಂಕಗಳ ವ್ಯತ್ಯಾಸದಿಂದ ಭಾಗಿಸಿ, 3ರಿಂದ ಗುಣಿಸಿ, 1 ಕೂಡಿ. 10ಕ್ಕೆ 8 ಬಂದು ಪಾಸಿನ ಅಂಕ 4 ಆಗಿದ್ದರೆ ಉತ್ತರ 2.0. ನಿಯಮ ಅವಕಾಶ ಕೊಟ್ಟರೆ ಗ್ರೇಡ್ ಬಿಟ್ಟು ಕ್ರೆಡಿಟ್ ಮಾತ್ರ ವರ್ಗಾಯಿಸಿಕೊಳ್ಳಿ ಎಂಬುದು ನನ್ನ ಸಲಹೆ. ಗೊತ್ತಿಲ್ಲದ ಪರೀಕ್ಷಾ ಪದ್ಧತಿಯನ್ನು ಸಿಜಿಪಿಎ ಮೇಲೆ ಪ್ರಯೋಗ ಮಾಡಬೇಕಾಗಿಲ್ಲ.

ಹೆಜ್ಜೆ 4: ಅರ್ಜಿ

ಹೊಂದಾಣಿಕೆಯ ಹಾಳೆ ಸಿದ್ಧವಿದ್ದರೆ ಅರ್ಜಿಯ ಪತ್ರ ತಾನಾಗಿ ಬರುತ್ತದೆ. ಆ ವಿಭಾಗದಲ್ಲೇ ಇರುವ, ನಿಮ್ಮಲ್ಲಿಲ್ಲದ ಪಾಠ ಯಾವುದು, ಅದು ನಿಮಗೇಕೆ ಬೇಕು ಎಂಬುದನ್ನು ಒಂದು ಪುಟದಲ್ಲಿ ಬರೆಯಿರಿ. ‘ಬಾಲ್ಯದಿಂದಲೂ ನನ್ನ ಕನಸು’ ಎಂದು ಶುರುವಾಗುವ ಪತ್ರಗಳನ್ನು ಆಯ್ಕೆ ಸಮಿತಿಯವರು ಅರ್ಧಕ್ಕೇ ಮಗುಚಿಡುತ್ತಾರೆ. ದುಡ್ಡಿಗೆ ಸಿಗುವ ಸಿದ್ಧ ಎಸ್‌ಒಪಿಗಳು (ಉದ್ದೇಶ ಪತ್ರಗಳು) ಒಂದೇ ಅಚ್ಚಿನವು. ನಾಲ್ಕು ಓದಿದರೆ ಐದನೆಯದನ್ನು ಓದದೆಯೇ ಹೇಳಬಹುದು. ವಿನಿಮಯಕ್ಕೆ ಏಜೆಂಟರೂ ಬೇಡ. ಹೆಸರು ಸೂಚಿಸುವ ಅಧಿಕಾರ ನಿಮ್ಮ ವಿಶ್ವವಿದ್ಯಾಲಯಕ್ಕೆ ಮಾತ್ರ ಇರುವಾಗ ಅವರು ಮಾಡುವುದಾದರೂ ಏನು?

ಇಂಗ್ಲಿಷ್ ಪರೀಕ್ಷೆಗಳಾದ ಐಇಎಲ್‌ಟಿಎಸ್ ಅಥವಾ ಟೋಫೆಲ್ ಅಂಕ ಎರಡು ವರ್ಷ ಮಾತ್ರ ಚಾಲ್ತಿ. ಕಟ್ಟುವ ಮೊದಲು, ನೀವು ಇಂಗ್ಲಿಷಿನಲ್ಲೇ ಓದಿದ್ದೀರಿ ಎನ್ನುವ ಬೋಧನಾ ಮಾಧ್ಯಮದ ಪತ್ರ ಸಾಕಾಗುತ್ತದೆಯೇ ಎಂದು ಆತಿಥೇಯರನ್ನು ಕೇಳಿ. ಶಿಫಾರಸು ಪತ್ರಕ್ಕೆ ಅಧ್ಯಾಪಕರಿಗೆ ಒಂದು ತಿಂಗಳು ಕೊಡಿ. ಪಾಸ್‌ಪೋರ್ಟ್, ವಿಮೆ, ವೀಸಾ, ವಸತಿ: ರಾಯಭಾರ ಕಚೇರಿಯ ಪಟ್ಟಿ ನೋಡಿ ಒಂದೊಂದಾಗಿ ಮುಗಿಸಿ. ಶುಲ್ಕ ಮನ್ನಾದಲ್ಲಿ ಊಟ–ವಸತಿಯ ಖರ್ಚು ಸೇರಿಲ್ಲ. ವಿದ್ಯಾರ್ಥಿವೇತನಕ್ಕೆ ಅರ್ಜಿ ಬೇರೆ, ದಿನಾಂಕ ಬೇರೆ.

ಹೆಜ್ಜೆ 5: ಹೋದ ಮೇಲೆ, ಬರುವ ಮುನ್ನ

ಮೊದಲ ವಾರಗಳಲ್ಲಿ ವೇಳಾಪಟ್ಟಿ ಡಿಕ್ಕಿಯಾಗಿ ಪಾಠ ಬದಲಾದರೆ ಅಗ್ರಿಮೆಂಟನ್ನೂ ಅಂದೇ ಬದಲಿಸಿ, ಮತ್ತೆ ಮೂವರ ಸಹಿ ಮಾಡಿಸಿ. ಸೆಮಿಸ್ಟರ್ ಮುಗಿದ ಮೇಲೆ ಕೇಳಿದ ಒಪ್ಪಿಗೆಯನ್ನು ಕೊಡಲೇಬೇಕೆಂದು ಯಾರಿಗೂ ಕಡ್ಡಾಯವಿಲ್ಲ. ಇನ್ನೊಂದು ಎಚ್ಚರ: ಜರ್ಮನಿಯಂಥ ಕಡೆ ಅನೇಕ ವಿಶ್ವವಿದ್ಯಾಲಯಗಳಲ್ಲಿ ಪಾಠಕ್ಕೆ ಹೆಸರು ಕೊಡುವುದೇ ಬೇರೆ, ಪರೀಕ್ಷೆಗೆ ನೋಂದಾಯಿಸುವುದೇ ಬೇರೆ. ಎರಡನೆಯದು ಮರೆತರೆ ಇಡೀ ಸೆಮಿಸ್ಟರ್ ತರಗತಿಯಲ್ಲಿ ಕೂತೂ ಪರೀಕ್ಷೆ ಬರೆಯುವಂತಿಲ್ಲ.

ಅಲ್ಲಿಂದ ಹೊರಡುವ ಮುನ್ನ, ಓದಿದ ಪ್ರತಿ ಪಾಠದ ಸಿಲಬಸ್ಸಿನ ಪಿಡಿಎಫ್ ಇಳಿಸಿಕೊಳ್ಳಿ. ವಿದ್ಯಾರ್ಥಿ ಖಾತೆ ಮುಚ್ಚಿದ ಮೇಲೆ ಅದು ಸಿಗುವುದು ಕಷ್ಟ. ಗ್ರಂಥಾಲಯದ ಬಾಕಿ ತೀರಿಸಿ, ಅದಕ್ಕಾಗಿ ಟ್ರಾನ್ಸ್‌ಕ್ರಿಪ್ಟ್ ತಡೆಹಿಡಿಯುವುದುಂಟು. ಟ್ರಾನ್ಸ್‌ಕ್ರಿಪ್ಟ್ ಬಂದ ದಿನವೇ ಅಗ್ರಿಮೆಂಟಿನ ಪ್ರತಿಯೊಂದಿಗೆ ಪರೀಕ್ಷಾ ವಿಭಾಗಕ್ಕೆ ಕೊಟ್ಟು ಸ್ವೀಕೃತಿ ಪಡೆಯಿರಿ. ಮುಂದಿನ ಅಂಕಪಟ್ಟಿಯಲ್ಲಿ ಪಾಠಗಳ ಹೆಸರು, ಕ್ರೆಡಿಟ್ ಸರಿಯಾಗಿ ಬಂದಿವೆಯೇ ನೋಡಿ. ಬಂದಿಲ್ಲದಿದ್ದರೆ ಘಟಿಕೋತ್ಸವದವರೆಗೆ ಕಾಯದೆ ಕೂಡಲೇ ತಿದ್ದುಪಡಿಗೆ ಬರೆದುಕೊಡಿ.