ತುಂಡರಿಕೆಯೋ, ಪುನರುತ್ಪಾದನೆಯೋ? ಹೀಗೆ ಗುರುತಿಸಿ

ಹತ್ತನೇ ತರಗತಿಯ ಮಕ್ಕಳು ಪದೇ ಪದೇ ಅದಲುಬದಲು ಮಾಡುವ ಜೋಡಿ ಇದು. ಸ್ಪೈರೋಗೈರಾ ಎಂಬ ಪಾಚಿ ಎಂದರೆ ತುಂಡರಿಕೆ (fragmentation), ಪ್ಲನೇರಿಯಾ ಎಂಬ ಹುಳು ಎಂದರೆ ಪುನರುತ್ಪಾದನೆ (regeneration) ಅಂತ ಬಾಯಿಪಾಠ ಆಗಿರುತ್ತದೆ. ಎರಡರಲ್ಲೂ ತುಂಡಿನಿಂದಲೇ ಇಡೀ ಜೀವಿ ಬರುತ್ತದಲ್ಲ, ವ್ಯತ್ಯಾಸ ಏನು ಎಂದು ಕೇಳಿದರೆ ಸುಮ್ಮನಾಗುತ್ತಾರೆ. ಅದು ಅವರ ತಪ್ಪಲ್ಲ. ನಾವು ಉದಾಹರಣೆ ಕಲಿಸುತ್ತೇವೆ, ಕೇಳಿಕೊಳ್ಳಬೇಕಾದ ಪ್ರಶ್ನೆ ಕಲಿಸುವುದಿಲ್ಲ.

ಮೊದಲು ತುಂಡರಿಕೆಯನ್ನು ಕಣ್ಣಾರೆ ನೋಡಿ. ಮಳೆ ನಿಂತ ಮೇಲೆ ದೊಡ್ಡವರ ಜೊತೆ ಧಾರವಾಡದ ಕೆಲಗೇರಿ ಕೆರೆಯ ಅಂಚಿಗೋ, ನಿಮ್ಮೂರಿನ ಹೊಂಡಕ್ಕೋ ಹೋಗಿ. ನೀರಿನಲ್ಲಿ ಒದ್ದೆ ಕೂದಲಿನ ಹಾಗೆ ತೇಲುವ ಹಸಿರು ಪಾಚಿ ಹುಡುಕಿ. ಬೆರಳಿಗೆ ಲೋಳೆಲೋಳೆಯಾಗಿ ಜಾರಿದರೆ ಸ್ಪೈರೋಗೈರಾ ಇರುವ ಸಾಧ್ಯತೆ ಜಾಸ್ತಿ. ಅದೇ ನೀರಿನಲ್ಲಿ ಒಂದಿಷ್ಟು ತನ್ನಿ. ನಲ್ಲಿ ನೀರು ಬೇಡ, ಕ್ಲೋರಿನ್ ಇರುತ್ತದೆ. ಶಾಲೆಯ ಸೂಕ್ಷ್ಮದರ್ಶಕದಲ್ಲಿ ಒಂದೇ ಒಂದು ಎಳೆ ಇಟ್ಟು ನೋಡಿ. ಸಾಲಾಗಿ ಜೋಡಿಸಿದ ಉದ್ದುದ್ದ ಕೋಶಗಳು, ಪ್ರತಿ ಕೋಶದೊಳಗೆ ಸುರುಳಿ ಸುತ್ತಿದ ಹಸಿರು ಪಟ್ಟಿ. ಈ ತುದಿಯ ಕೋಶಕ್ಕೂ ನಡುವಿನ ಕೋಶಕ್ಕೂ ಹೆಚ್ಚು ಫರಕಿಲ್ಲ, ಅಲ್ವಾ? ಗುಟ್ಟು ಇರುವುದೇ ಇಲ್ಲಿ. ಬೆಳೆದ ಎಳೆ ತುಂಡಾದಾಗ ಪ್ರತಿ ತುಂಡಿನ ಕೋಶಗಳೂ ಸುಮ್ನೆ ಒಡೆದು ಎರಡಾಗುತ್ತಾ ಹೋಗುತ್ತವೆ, ಎಳೆ ಉದ್ದವಾಗುತ್ತದೆ. ಹೊಸದಾಗಿ ಕಟ್ಟಬೇಕಾದ ಅಂಗ ಯಾವುದೂ ಇಲ್ಲ.

ಎರಡನೆಯದಕ್ಕೆ ಮನೆ ಬಿಟ್ಟು ಹೋಗುವುದೇ ಬೇಡ. ರಾತ್ರಿ ಟ್ಯೂಬ್‌ಲೈಟ್ ಹತ್ತಿರ ಬರುವ ಹಲ್ಲಿಗಳ ಬಾಲ ಗಮನಿಸಿ. ಒಮ್ಮೆ ಕಳಚಿ ಮತ್ತೆ ಬೆಳೆದ ಬಾಲವಾದರೆ ಒಂದು ಕಡೆಯಿಂದ ಮುಂದಕ್ಕೆ ಬಣ್ಣ, ಗುರುತು ಬದಲಾಗಿರುತ್ತವೆ. ಒಳಗೂ ಬೇರೆಯೇ. ಹಳೆ ಬಾಲದಲ್ಲಿ ಎಲುಬಿನ ಮಣಿಗಳಿದ್ದವು, ಹೊಸದರಲ್ಲಿ ಇರುವುದು ಮೃದ್ವಸ್ಥಿಯ ಕೊಳವೆ. ಇದು ಪುನರುತ್ಪಾದನೆ. ಉದುರಿದ ಬಾಲ ಸ್ವಲ್ಪ ಹೊತ್ತು ಮಿಡುಕಿ ಸುಮ್ಮನಾಗುತ್ತದೆ, ಅದರಿಂದ ಇನ್ನೊಂದು ಹಲ್ಲಿ ಹುಟ್ಟುವುದಿಲ್ಲ. (ಪ್ರಯೋಗ ಅಂತ ಯಾವ ಹಲ್ಲಿಯ ಬಾಲವನ್ನೂ ಕತ್ತರಿಸಬೇಡಿ. ನೋಡಿದರೆ ಸಾಕು.)

ಈಗ ಎರಡು ಪ್ರಶ್ನೆ ಕೇಳಿಕೊಳ್ಳಿ. ಜೀವಿ ಬೆಳೆದ ಮೇಲೆ ತಾನಾಗಿ ತುಂಡಾಯಿತೇ, ಇಲ್ಲಾ ಪೆಟ್ಟಿಗೋ ಅಪಾಯಕ್ಕೋ ಸಿಕ್ಕಿತೇ? ಕೊನೆಗೆ ಜೀವಿಗಳ ಸಂಖ್ಯೆ ಹೆಚ್ಚಿತೇ, ಇಲ್ಲಾ ಕಳೆದ ಭಾಗ ಮಾತ್ರ ತಿರುಗಿ ಬಂತೇ? ಎರಡರಲ್ಲೂ ಮೊದಲನೆಯದು ಹೌದಾದರೆ ತುಂಡರಿಕೆ, ಎರಡನೆಯದು ಹೌದಾದರೆ ಪುನರುತ್ಪಾದನೆ.

ಪ್ಲನೇರಿಯಾ ಗೊಂದಲ ಮಾಡುವುದು ಇಲ್ಲೇ. ಇದು ಕಣ್ಣು, ಜೀರ್ಣನಾಳ ಎಲ್ಲ ಇರುವ ಚಪ್ಪಟೆ ಹುಳು. ಇದರ ದೇಹದ 279ರಲ್ಲಿ ಒಂದು ಭಾಗದಷ್ಟು ಸಣ್ಣ ತುಂಡೂ ಪೂರ್ತಿ ಹುಳುವಾಗಬಲ್ಲದು ಎಂದು ಅಮೆರಿಕದ ಜೀವವಿಜ್ಞಾನಿ ಟಿ.ಎಚ್. ಮಾರ್ಗನ್ 1898ರಲ್ಲಿ ತೋರಿಸಿದರು. ತುಂಡಿನಲ್ಲಿರುವ ನಿಯೋಬ್ಲಾಸ್ಟ್ ಎಂಬ ವಿಶೇಷ ಕೋಶಗಳು ಮೊದಲು ಸಂಖ್ಯೆಯಲ್ಲಿ ಹೆಚ್ಚುತ್ತವೆ, ಆಮೇಲೆ ಕೆಲವು ಕಣ್ಣಾಗುತ್ತವೆ, ಕೆಲವು ನರವಾಗುತ್ತವೆ. ಸ್ಪೈರೋಗೈರಾಕ್ಕೆ ಈ ಕೆಲಸವೇ ಇರಲಿಲ್ಲ. ಪ್ಲನೇರಿಯಾದಲ್ಲಿ ಸಂಖ್ಯೆ ಹೆಚ್ಚಿತು ನಿಜ, ಆದರೆ ಕತ್ತರಿಸಿದ್ದು ಮನುಷ್ಯ. ಯಾರಾದರೂ ಬಂದು ಕತ್ತರಿಸಲಿ ಎಂದು ಕಾದು ಯಾವ ಜೀವಿಯೂ ವಂಶ ಬೆಳೆಸುವುದಿಲ್ಲ. ಕೆಲವು ಜಾತಿಯ ಪ್ಲನೇರಿಯಾಗಳು ತಾವಾಗಿಯೇ ಹರಿದುಕೊಂಡು ಎರಡಾಗುವುದೂ ಉಂಟು. ಆಗ ಹರಿದುಕೊಂಡದ್ದು ಸಂತಾನೋತ್ಪತ್ತಿ, ಹರಿದ ಮೇಲೆ ಇಲ್ಲದ ಭಾಗ ಕಟ್ಟಿಕೊಂಡದ್ದು ಪುನರುತ್ಪಾದನೆ. ತುಂಡರಿಕೆ ವಂಶ ಬೆಳೆಸುವ ಒಂದು ದಾರಿ, ಪುನರುತ್ಪಾದನೆ ದೇಹಕ್ಕಿರುವ ಒಂದು ಶಕ್ತಿ. ಉತ್ತರ ಪತ್ರಿಕೆಯಲ್ಲಿ ಈ ಸಾಲು ಬರೆದು ಆಮೇಲೆ ಉದಾಹರಣೆ ಕೊಡಿ.

ನವಲಗುಂದ, ರೋಣ ಕಡೆಯ ಎರಿ ಹೊಲಗಳ ಮಕ್ಕಳು ಕೇಳುವ ಪ್ರಶ್ನೆ ಇನ್ನೊಂದಿದೆ: “ಸರ, ಎರೆಹುಳ ಸಲಿಕಿಗೆ ಸಿಕ್ಕು ಎರಡಾದ್ರ ಎರಡು ಹುಳ ಆಗ್ತಾವಲ್ರೀ?” ಹೆಚ್ಚಿನ ಜಾತಿಗಳಲ್ಲಿ ಆಗುವುದಿಲ್ಲ. ತಲೆಯ ಕಡೆಯ ತುಂಡು ಸಾಕಷ್ಟು ಉದ್ದವಿದ್ದರೆ ಹಿಂಭಾಗ ಬೆಳೆಸಿಕೊಂಡು ಬದುಕಬಹುದು. ಬಾಲದ ತುಂಡು ಸಾಮಾನ್ಯವಾಗಿ ಸಾಯುತ್ತದೆ. ಪೆಟ್ಟು ಹೊರಗಿನದು, ಹುಳು ಒಂದೇ ಉಳಿಯಿತು. ಹಾಗಾಗಿ ಎರೆಹುಳುವನ್ನು ಹಲ್ಲಿಯ ಜೊತೆ ಬರೆಯಿರಿ, ಸ್ಪೈರೋಗೈರಾದ ಜೊತೆ ಬರೆದರೆ ಅಂಕ ಹೋಗುತ್ತದೆ.