ಮೇಲೆ ಚಿತ್ರ, ಕೆಳಗೆ ಹೆಸರು: ಪೈಥಾನ್‌ನಲ್ಲಿ ಬಟನ್ ಮಾಡುವುದು ಹೀಗೆ

ಚಿಕ್ಕಮಗಳೂರಿನಲ್ಲಿ ಕಾಫಿ ಮಾರಲು ಹೋದರೆ ಮೊದಲು ಕೇಳುವುದೇ ಇದನ್ನು: ಅರೇಬಿಕಾನಾ, ರೊಬಸ್ಟಾನಾ? ಪಾರ್ಚ್‌ಮೆಂಟಾ, ಚೆರಿನಾ? ತೂಕ ಬರೆದುಕೊಳ್ಳಲು ಕಂಪ್ಯೂಟರಿನಲ್ಲಿ ಒಂದು ಸಣ್ಣ ಪ್ರೋಗ್ರಾಂ ಮಾಡಿಕೊಳ್ಳುವುದಾದರೆ ಅದರಲ್ಲಿ ಅರೇಬಿಕಾ, ರೊಬಸ್ಟಾ ಎರಡಕ್ಕೂ ಪಾರ್ಚ್‌ಮೆಂಟ್ ಒಂದು, ಚೆರಿ ಒಂದು ಅಂತ ನಾಲ್ಕು ಬಟನ್ ಇರಲೇಬೇಕು.

ಬರೀ ಹೆಸರು ಹಾಕಿದರೆ ಮೂಟೆ ಇಳಿಸುವ ಗಡಿಬಿಡಿಯಲ್ಲಿ ನಾಲ್ಕನ್ನೂ ಓದಿ ಒತ್ತಬೇಕು. ಬರೀ ಚಿತ್ರ ಹಾಕಿದರೆ ಇನ್ನೊಂದು ಫಜೀತಿ. ಸಿಪ್ಪೆ ಬಿಡಿಸಿ, ತೊಳೆದು ಒಣಗಿಸಿದ ಪಾರ್ಚ್‌ಮೆಂಟ್ ತಿಳಿ ಬಣ್ಣದ್ದು. ಹಣ್ಣನ್ನು ಹಾಗೇ ಒಣಗಿಸಿದ ಚೆರಿ ಕಡು ಕಂದು. ಇಷ್ಟು ದೂರದಿಂದಲೇ ಗೊತ್ತಾಗುತ್ತದೆ. ಆದರೆ ಎರಡು ಚೆರಿಗಳಲ್ಲಿ ಅರೇಬಿಕಾ ಯಾವುದು, ರೊಬಸ್ಟಾ ಯಾವುದು ಅಂತ ಹೆಬ್ಬೆರಳಷ್ಟು ಚಿತ್ರ ನೋಡಿ ಹೇಳುವುದು ತೋಟದ ಲೆಕ್ಕ ಬರೆಯುವ ರೈಟರ್‌ಗೂ ಕಷ್ಟ. ಹಾಗಾಗಿ ಎರಡೂ ಬೇಕು.

ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆಯ ಜೊತೆಗೆ ಬರುವ, ಕಿಟಕಿ, ಬಟನ್ ಮಾಡುವ ಸಿದ್ಧ ಕೋಡಿನ ಲೈಬ್ರರಿಯಾದ ಟಿಕೆ-ಇಂಟರ್‌ನಲ್ಲಿ ಇದು ಸುಲಭ. ವಿಂಡೋಸ್‌ನಲ್ಲಿ ಬೇರೆ ಏನೂ ಇನ್‌ಸ್ಟಾಲ್ ಮಾಡಬೇಕಿಲ್ಲ. ಉಬುಂಟುವಿನಲ್ಲಾದರೆ ಅದರ ಪ್ಯಾಕೇಜನ್ನು ಪ್ರತ್ಯೇಕವಾಗಿ ಹಾಕಿಕೊಳ್ಳಬೇಕಾಗಬಹುದು.

ಮೊದಲು ಚಿತ್ರ

ಮೊಬೈಲಿನಲ್ಲಿ ತೆಗೆದ ಫೋಟೋ ಸಾಮಾನ್ಯವಾಗಿ ಜೆಪೆಗ್ ಇರುತ್ತದೆ. ಟಿಕೆ-ಇಂಟರ್ ಒಳಗೆ ಕೆಲಸ ಮಾಡುವ ಟಿಕೆ 8.6 ಅದನ್ನು ತಾನಾಗಿ ಓದುವುದಿಲ್ಲ, ಪಿಲ್ಲೋ ಎಂಬ ಇನ್ನೊಂದು ಲೈಬ್ರರಿ ಬೇಕು. ಅದಕ್ಕಿಂತ ಫೋಟೋವನ್ನು ಪೇಂಟ್‌ನಲ್ಲಿ ತೆರೆದು, ಕಾಳು ಮಾತ್ರ ಕಾಣುವಂತೆ ಚೌಕಕ್ಕೆ ಕತ್ತರಿಸಿ, 64 ಪಿಕ್ಸೆಲ್‌ಗೆ ಇಳಿಸಿ, ಪಿಎನ್‌ಜಿ ಮಾಡಿ ಉಳಿಸುವುದೇ ವಾಸಿ. ದೊಡ್ಡ ಫೋಟೋ ಹಾಗೇ ಕೊಟ್ಟರೆ ಬಟನ್ ಪರದೆ ಮೀರಿ ಬೆಳೆಯುತ್ತದೆ. ಅದು ತಾನಾಗಿ ಕುಗ್ಗಿಸಿಕೊಳ್ಳುವುದಿಲ್ಲ.

ಬಟನ್ ಕಟ್ಟುವುದು

ಬಟನ್, ಫೋಟೋಇಮೇಜ್, ಆಯ್ಕೆಗಳಂಥ ಕೋಡಿನ ಪದಗಳನ್ನೆಲ್ಲ ಇಂಗ್ಲಿಷ್ ಅಕ್ಷರದಲ್ಲೇ ಟೈಪ್ ಮಾಡಬೇಕು. ಬಟನ್‌ಗೆ ಮೊದಲ ಅಕ್ಷರ ಕ್ಯಾಪಿಟಲ್, ಫೋಟೋಇಮೇಜ್‌ಗೆ ಪಿ ಮತ್ತು ಐ ಎರಡೂ ಕ್ಯಾಪಿಟಲ್, ಆಯ್ಕೆಗಳೆಲ್ಲ ಸಣ್ಣಕ್ಷರ. ಮೊದಲು ಕಿಟಕಿ ತೆರೆಯಿರಿ. ಆಮೇಲೆ ಫೋಟೋಇಮೇಜ್‌ಗೆ ಫೈಲಿನ ಹೆಸರು ಕೊಟ್ಟು ಚಿತ್ರ ತೆರೆಯಿರಿ. ಬಟನ್‌ಗೆ ‘ಟೆಕ್ಸ್ಟ್’ ಆಯ್ಕೆಯಲ್ಲಿ ಹೆಸರು, ‘ಇಮೇಜ್’ ಆಯ್ಕೆಯಲ್ಲಿ ಆ ಚಿತ್ರ ಕೊಡಿ.

ಈಗ ಓಡಿಸಿ ನೋಡಿ. ಚಿತ್ರ ಬರುತ್ತದೆ, ಹೆಸರು ನಾಪತ್ತೆ! ಎರರ್ ಕೂಡ ಇಲ್ಲ. ಎರಡನ್ನೂ ಕೊಟ್ಟಾಗ ಟಿಕೆ ಸುಮ್ನೆ ಚಿತ್ರವನ್ನಷ್ಟೇ ತೋರಿಸುತ್ತದೆ. ಎರಡೂ ಬೇಕೆಂದರೆ ‘ಕಾಂಪೌಂಡ್’ ಎಂಬ ಮೂರನೇ ಆಯ್ಕೆ ಹೇಳಲೇಬೇಕು. ಅದಕ್ಕೆ ‘ಟಾಪ್’ ಅಂದರೆ ಚಿತ್ರ ಮೇಲೆ, ಹೆಸರು ಕೆಳಗೆ. ‘ಲೆಫ್ಟ್’ ಅಂದರೆ ಚಿತ್ರ ಎಡಕ್ಕೆ. ‘ರೈಟ್’, ‘ಬಾಟಮ್’ ಕೂಡ ಹೀಗೇ. ‘ಸೆಂಟರ್’ ಕೊಟ್ಟರೆ ಚಿತ್ರದ ಮೇಲೆಯೇ ಅಕ್ಷರ ಕೂರುತ್ತದೆ. ಕಂದು ಚೆರಿಯ ಮೇಲೆ ಕಪ್ಪು ಅಕ್ಷರ ಯಾರಿಗೆ ಕಾಣಬೇಕು? ನಮ್ಮ ಕೆಲಸಕ್ಕೆ ‘ಟಾಪ್’ ಸರಿ. ‘ರೊಬಸ್ಟಾ ಪಾರ್ಚ್‌ಮೆಂಟ್’ ಉದ್ದದ ಹೆಸರು ಅಲ್ವಾ, ‘ರ‍್ಯಾಪ್‌ಲೆಂತ್’ ಕೊಟ್ಟರೆ ಎರಡು ಸಾಲಿಗೆ ಮುರಿಯುತ್ತದೆ.

ವಿಂಡೋಸ್‌ನಲ್ಲಿ ಕನ್ನಡಕ್ಕೆ ನಿರ್ಮಲಾ ಯುಐ ಫಾಂಟ್ ಸಾಕು. ಕೆಲವು ಲಿನಕ್ಸ್ ಕಂಪ್ಯೂಟರುಗಳಲ್ಲಿ ಒತ್ತಕ್ಷರ ಸರಿಯಾಗಿ ಕೂರುವುದಿಲ್ಲ. ಅಲ್ಲಿ ಹೆಸರನ್ನೂ ಚಿತ್ರದೊಳಗೇ ಬರೆದು, ‘ಟೆಕ್ಸ್ಟ್’ ಬಿಟ್ಟುಬಿಡಿ.

ತಲೆ ಕೆಡಿಸುವ ಜಾಗಗಳು

ಜಾಸ್ತಿ ಜನ ಎಡವುವುದು ಇಲ್ಲಿ: ಫಂಕ್ಷನ್ (ಹೆಸರಿಟ್ಟ ಕೋಡಿನ ತುಂಡು) ಒಳಗೆ ಚಿತ್ರ ತೆರೆದು ಬಟನ್‌ಗೆ ಕೊಡುತ್ತಾರೆ. ಬಟನ್ ಬರುತ್ತದೆ, ಚಿತ್ರದ ಜಾಗ ಮಾತ್ರ ಖಾಲಿ. ಫಂಕ್ಷನ್ ಮುಗಿದ ಕೂಡಲೇ, ಆ ಚಿತ್ರ ಇನ್ನು ಯಾರಿಗೂ ಬೇಡ ಎಂದುಕೊಂಡು ಪೈಥಾನ್ ಅದನ್ನು ಮೆಮೊರಿಯಿಂದ ತೆಗೆದುಹಾಕುತ್ತದೆ. ಬಟನ್ ಅದನ್ನು ಹಿಡಿದಿಟ್ಟುಕೊಳ್ಳುವುದಿಲ್ಲ. ಫಂಕ್ಷನ್ ಹೊರಗೆ ಒಂದು ಲಿಸ್ಟ್ ಇಟ್ಟು, ತೆರೆದ ಪ್ರತಿ ಚಿತ್ರವನ್ನೂ ಅದಕ್ಕೆ ಸೇರಿಸಿದರೆ ಈ ತೊಂದರೆ ಇಲ್ಲ.

‘ವಿಡ್ತ್’ ಕೂಡ ಮೋಸ ಮಾಡುತ್ತದೆ. ಬರೀ ಅಕ್ಷರದ ಬಟನ್‌ಗೆ 20 ಅಂದರೆ 20 ಅಕ್ಷರದ ಅಗಲ. ಚಿತ್ರ ಸೇರಿದ ಮೇಲೆ ಅದೇ 20 ಪಿಕ್ಸೆಲ್ ಆಗುತ್ತದೆ, ಬಟನ್ ಸೊರಗಿ ಕಡ್ಡಿಯಾಗುತ್ತದೆ. 140ರ ಆಸುಪಾಸು ಕೊಟ್ಟು ನೋಡಿ.

ಒತ್ತಿದಾಗ ಏನಾಗಬೇಕು ಎಂಬುದನ್ನು ‘ಕಮಾಂಡ್’ಗೆ ಹೇಳಬೇಕು. ಫಂಕ್ಷನ್ ಹೆಸರಷ್ಟೇ ಸಾಕು, ಮುಂದೆ ಆವರಣ ಚಿಹ್ನೆ ಬೇಡ. ಹಾಕಿದರೆ ಬಟನ್ ಒತ್ತುವ ಮೊದಲೇ ಅದು ಓಡಿಬಿಡುತ್ತದೆ. ನಾಲ್ಕೂ ಬಟನ್‌ಗಳನ್ನು, ಒಂದೇ ಕೋಡನ್ನು ಮತ್ತೆ ಮತ್ತೆ ಓಡಿಸುವ ಲೂಪ್‌ನಲ್ಲಿ ಮಾಡಿ, ‘ಲ್ಯಾಂಬ್ಡಾ’ ಎಂಬ ಹೆಸರಿಲ್ಲದ ಪುಟ್ಟ ಫಂಕ್ಷನ್‌ನಲ್ಲಿ ಕಾಫಿಯ ಹೆಸರು ಕಳಿಸುವವರಿಗೆ ಇನ್ನೊಂದು ಮಾತು. ಯಾವುದನ್ನು ಒತ್ತಿದರೂ ಕೊನೆಯ ರೊಬಸ್ಟಾ ಚೆರಿಯೇ ದಾಖಲಾಗುತ್ತಿದ್ದರೆ ಗಾಬರಿ ಬೇಡ. ಲ್ಯಾಂಬ್ಡಾ ಹೆಸರನ್ನು ನೋಡುವುದು ಒತ್ತಿದಾಗ, ಅಷ್ಟರಲ್ಲಿ ಲೂಪ್ ಮುಗಿದಿರುತ್ತದೆ. ಲ್ಯಾಂಬ್ಡಾ ಬರೆಯುವಾಗಲೇ ಆ ಹೆಸರನ್ನು ಡೀಫಾಲ್ಟ್ ಬೆಲೆಯಾಗಿ ಕೊಟ್ಟುಬಿಡಿ.

ಹಾಗಂತ ಎಲ್ಲ ಬಟನ್‌ಗೂ ಚಿತ್ರ ಅಂಟಿಸಬೇಡಿ. ‘ಅಳಿಸು’ ಬಟನ್ ಬರೀ ಅಕ್ಷರದಲ್ಲೇ ಇರಲಿ. ಅದನ್ನು ಓದಿಯೇ ಒತ್ತಬೇಕು. ನಾಲ್ಕು ಕಾಫಿ ಬಟನ್‌ಗಳಿಂದ ದೂರ, ಕಿಟಕಿಯ ಕೆಳಮೂಲೆಯಲ್ಲಿಡಿ.